ಹನ್ನೊಂದು ಜನಕ್ಕೆ ಒಂದು ಅಂಗಳ

ಮಮತಳಿಗೆ ಒಂದು ಚಾಳಿಯಿದೆ. ಯಾರ ಮನೆಗೆ ಹೋದರೂ ಅವಳ ಕಣ್ಣು ಮೊದಲು ಹಿತ್ತಲಿಗೇ ಹೋಗುತ್ತದೆ. ಮನೆಯವರು ಹಾಲ್‌ನಲ್ಲಿ ಹೊಸ ಸೋಫಾ ತೋರಿಸುತ್ತಿದ್ದರೆ ಇವಳು ಕಿಟಕಿಯಾಚೆ ಕತ್ತು ಚಾಚಿ, “ಅಲ್ಲಿ ಬಿದ್ದಿದೆಯಲ್ಲಾ ಆ ಮರದ ತೊಟ್ಟಿ, ನಿಮಗೆ ಬೇಕಾ?” ಅಂತ ಕೇಳುತ್ತಾಳೆ. ಬೇಡ ಅಂದರೆ ಮುಗಿಯಿತು. ಕಾಫಿ ಕುಡಿದು ಏಳುವಷ್ಟರಲ್ಲಿ ಆ ತೊಟ್ಟಿ ಮೂರ್ತಿಯ ಬೈಕಿನ ಹಿಂದೆ ಹಗ್ಗ ಬಿಗಿಸಿಕೊಂಡು ಕೂತಿರುತ್ತದೆ. ಮೂರ್ತಿ ಅವಳ ಗಂಡ, ಪಾಪದ ಮನುಷ್ಯ. ಮದುವೆಯಾದ ಹದಿನೆಂಟು ವರ್ಷದಲ್ಲಿ ನೆಂಟರ ಮನೆಯಿಂದ ಬರಿಗೈಯಲ್ಲಿ ವಾಪಸು ಬಂದ ನೆನಪೇ ಅವನಿಗಿಲ್ಲ.

ಇಂಥವರನ್ನು ಊರು ‘ಗುಜರಿ’ ಅಂತ ಕರೆದು ನಗುತ್ತದೆ. ದೊಡ್ಡಬೆಳವಂಗಲವೂ ನಕ್ಕಿತು. ಮಮತ ಸೊಪ್ಪು ಹಾಕಲಿಲ್ಲ. ಮೂರು ವರ್ಷದ ಹಿಂದೆ ಅವಳಿಗೆ ದೇವನಹಳ್ಳಿ ಕಡೆಯ ಒಂದು ರೆಸಾರ್ಟಿನಲ್ಲಿ ತೋಟದ ಕೆಲಸ ಸಿಕ್ಕಿತು. ಮೊದಲ ದಿನ ಗೇಟು ದಾಟಿ ಒಳಗೆ ಹೋದವಳು ಹಾಗೇ ನಿಂತುಬಿಟ್ಟಳು. ಗಾಡಿಯ ಚಕ್ರ ಗೋಡೆಗೆ ಒರಗಿದೆ, ಅದರ ಸುತ್ತ ದೀಪ. ರಾಗಿ ತುಂಬುವ ಮಣ್ಣಿನ ವಾಡೆಯಲ್ಲಿ ಹೂವಿನ ಗಿಡ. ಮಾವಿನ ಮರದ ಕೆಳಗೆ ಹಳೆಯ ಒರಳುಕಲ್ಲುಗಳನ್ನು ತಲೆಕೆಳಗು ಮಾಡಿ ಸಾಲಾಗಿ ಇಟ್ಟಿದ್ದಾರೆ, ಒಂದೊಂದರ ಮೇಲೆ ಒಂದೊಂದು ದಿಂಬು. ಬೆಂಗಳೂರಿನಿಂದ ಕಾರಿನಲ್ಲಿ ಬಂದವರು ಆ ಕಲ್ಲಿನ ಮೇಲೆ ಕೂತು, ಇನ್ನೂರು ರೂಪಾಯಿಯ ಕಾಫಿ ಕುಡಿದು, ಫೋಟೊ ಹೊಡೆಸಿಕೊಂಡು ಹೋಗುತ್ತಾರೆ! ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಿತ್ತಲ ಕಲ್ಲಿಗೂ ಅದೇ ಗತಿ. ಅವಳನ್ನು ಗುಜರಿ ಅಂದವರೆಲ್ಲ ಆ ಹೊತ್ತು ಅಲ್ಲಿರಬೇಕಿತ್ತು.

ಅಲ್ಲಿನ ತೋಟದ ಸೂಪರ್‌ವೈಸರ್ ಅಂಜನ್ ಅನ್ನುವ ಹುಡುಗ. ಅವಳಿಗಿಂತ ಹತ್ತು ವರ್ಷ ಚಿಕ್ಕವನಾದರೂ ವಿದ್ಯೆಯಲ್ಲಿ ಗಟ್ಟಿಗ. “ಅಕ್ಕಾ, ಏನಾದ್ರೂ ಇಡೋಕೆ ಮುಂಚೆ ನೀವು ಅಲ್ಲಿ ಹೋಗಿ ಕೂತ್ಕೊಳ್ಳಿ. ಕೂತೋರ ಕಣ್ಣು ಎಲ್ಲಿಗೆ ಹೋಗುತ್ತೋ ಅಲ್ಲಿಡಿ,” ಅಂತ ಅವನು ಹೇಳಿಕೊಟ್ಟ. “ಬಣ್ಣ ಎರಡೇ ಇರ್ಲಿ, ಮೂರನೇದು ಗಿಡದ ಹಸಿರು,” ಅಂದ. “ಬಲ್ಬ್ ಕಾಣಿಸ್ಬಾರ್ದು, ಬೆಳಕು ಮಾತ್ರ ಕಾಣಿಸ್ಬೇಕು,” ಅಂದ. ಮಮತ ಓದಿದ್ದು ಹತ್ತನೇ ಕ್ಲಾಸು. ಶಾಲೆಯಲ್ಲಿ ಕಲಿತದ್ದು ಮರೆತುಹೋಗಿದೆ, ಈ ಮೂರು ಮಾತು ಮಾತ್ರ ಮನಸ್ಸಿನಲ್ಲಿ ಅಚ್ಚೊತ್ತಿ ಕೂತವು.

ಇಷ್ಟು ಕಲಿತವಳು ತನ್ನ ಮನೆಯಲ್ಲಿ ಯಾಕೆ ಏನೂ ಮಾಡಲಿಲ್ಲ ಅಂದರೆ, ಅತ್ತೆ ಮುನಿವೆಂಕಟಮ್ಮ ಬಿಡಬೇಕಲ್ಲ! ಅಂಗಳ ಇರುವುದು ರಾಗಿ ಒಣಗಿಸಲಿಕ್ಕೆ, ಹಸು ಕಟ್ಟಲಿಕ್ಕೆ ಅನ್ನುವುದು ಆಕೆಯ ಕಾನೂನು. ಆ ಕಾನೂನು ಮುರಿಯಲು ಒಂದು ಮದುವೆಯ ಮಾತೇ ಬರಬೇಕಾಯಿತು.

ಅಮರ್ ಮಮತಳ ಮೈದುನ. ಅವಳು ಈ ಮನೆಗೆ ಮದುವೆಯಾಗಿ ಬಂದಾಗ ಅವನು ಆರನೇ ಕ್ಲಾಸಿನಲ್ಲಿದ್ದ. ಅವನ ಟಿಫನ್ ಡಬ್ಬಿ ಕಟ್ಟಿದ್ದು, ಮಗ್ಗಿ ಬಾಯಿಪಾಠ ಹೇಳಿಸಿದ್ದು, ಜ್ವರ ಬಂದಾಗ ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು ಎಲ್ಲ ಅವಳೇ. ಈಗ ಅವನಿಗೆ ಇಪ್ಪತ್ತೊಂಬತ್ತು. ಮುಕ್ಕಾಲು ಎಕರೆಯಲ್ಲಿ ಗುಲಾಬಿ ಬೆಳೆಯುತ್ತಾನೆ. ಬೆಳಿಗ್ಗೆ ಕೊಯ್ದ ಹೂವು ಮಧ್ಯಾಹ್ನಕ್ಕೆ ಬೆಂಗಳೂರಿನ ಅಂಗಡಿಯಲ್ಲಿರುತ್ತದೆ. ಕೈತುಂಬ ಸಂಪಾದನೆ, ಒಂದು ದುರಭ್ಯಾಸವಿಲ್ಲ. ಆದರೂ ಎರಡು ಸಂಬಂಧ ಬಂದು ಬಂದಂತೆಯೇ ವಾಪಸು ಹೋಗಿದ್ದವು.

ಕಾರಣ ಮನೆ. ಈ ಕಡೆಯ ಪದ್ಧತಿಯಲ್ಲಿ ಗಂಡು ಹೋಗಿ ಹೆಣ್ಣು ನೋಡಿ ಒಪ್ಪಿದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುತ್ತಾರೆ. ಹುಡುಗಿ ಬರುವುದಿಲ್ಲ, ಅವಳ ದಂಡು ಬರುತ್ತದೆ. ಅವರದು ಎರಡು ಕೋಣೆಯ ಮನೆ, ಹಾಲ್ ಹತ್ತಡಿಗೆ ಹತ್ತಡಿ. ಕಳೆದ ಸಲ ಬಂದವರಲ್ಲಿ ನಾಲ್ವರು ಸೋಫಾದಲ್ಲಿ ಒತ್ತಿಕೊಂಡು ಕೂತರು, ಮೂವರು ಹೆಂಗಸರು ಅಕ್ಕಿಮೂಟೆ ಪಕ್ಕದ ಮಂಚದ ಮೇಲೆ ಕೂತರು. ಹುಡುಗಿಯ ಸೋದರಮಾವ ಫ್ರಿಜ್ಜಿಗೆ ಒರಗಿ ನಿಂತೇ ಕಾಫಿ ಕುಡಿದ. ಫ್ರಿಜ್ಜಿನ ಬಾಗಿಲು ತೆಗೆಯಬೇಕಾದಾಗಲೆಲ್ಲ ಆತ ಪಕ್ಕಕ್ಕೆ ಸರಿಯಬೇಕಾಯಿತು. “ಯೋಚ್ನೆ ಮಾಡಿ ಹೇಳ್ತೀವಿ,” ಅಂತ ಎದ್ದರು. ಗೇಟಿನ ಹತ್ತಿರ ಒಬ್ಬಾಕೆ ಇನ್ನೊಬ್ಬಾಕೆಗೆ, “ನಮ್ಮ ಹುಡುಗಿ ಉಸಿರಾಡಕ್ಕೂ ಜಾಗ ಇಲ್ವಲ್ಲೇ,” ಅಂದಿದ್ದು ಮಮತಳ ಕಿವಿಗೆ ಬಿತ್ತು. ಅವಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಅಮರ್ ಮಾತ್ರ ತೋಟಕ್ಕೆ ಹೋಗಿ ಕತ್ತಲಾಗುವವರೆಗೂ ಕಳೆ ಕಿತ್ತ.

ಮೂರನೆಯ ಸಂಬಂಧ ಹೊಸಕೋಟೆ ಕಡೆಯದು. ಹುಡುಗಿ ಸಿಂಚನ, ಒಂದು ಶಾಲೆಯಲ್ಲಿ ಟೀಚರ್. ಅವಳನ್ನು ನೋಡಿ ಬಂದ ಅಮರ್ ಎರಡು ದಿನ ಯಾರು ಏನು ಕೇಳಿದರೂ ಸುಮ್ಮಸುಮ್ಮನೆ ನಗುತ್ತಿದ್ದ. ಮೂರನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅತ್ತಿಗೆ, ಇದೂ ಹೋದ್ರೆ ಇನ್ಯಾವ ಹುಡ್ಗಿನೂ ನೋಡಕ್ಕೆ ಹೋಗಲ್ಲ ನಾನು,” ಅಂದ. ಮಮತ ತಿರುಗಿ ನೋಡಿದಳು. ಹುಡುಗ ನಗುತ್ತಿರಲಿಲ್ಲ. ಹೆಣ್ಣಿನ ಕಡೆಯವರು ಬರುವುದು ಮೂರು ವಾರ ಬಿಟ್ಟು ಭಾನುವಾರ, ಹನ್ನೊಂದು ಜನ ಅಂತ ಫೋನು ಬಂದಿತ್ತು.

ಮೂರು ವಾರದಲ್ಲಿ ಮನೆ ದೊಡ್ಡದು ಮಾಡಲಾಗುತ್ತದೆಯೇ? ಮಮತ ಚೊಂಬು ಹಿಡಿದುಕೊಂಡು ಅಂಗಳಕ್ಕೆ ಬಂದಳು. ಮನೆ ಚಿಕ್ಕದು ನಿಜ, ಆದರೆ ಅಂಗಳ ಎಷ್ಟು ದೊಡ್ಡದಿದೆ! ಒಂದು ಮೂಲೆಯಲ್ಲಿ ಬೇವಿನ ಮರ. ಅದರಾಚೆ ಮೊದಲು ದ್ರಾಕ್ಷಿ ತೋಟವಿದ್ದ ಜಾಗ. ಬಳ್ಳಿ ಕಿತ್ತು ಗುಲಾಬಿ ಹಾಕಿದಾಗ ಚಪ್ಪರದ ಕಲ್ಲುಕಂಬಗಳನ್ನು ಕೊಟ್ಟಿಗೆಯ ಹಿಂದೆ ಒಟ್ಟಿದ್ದರು. ಬೇವಿನ ಹತ್ತಿರ ಆರು ಕಂಬ ಮಾತ್ರ ತಂತಿ ಸಮೇತ ಇನ್ನೂ ನಿಂತಿದ್ದವು, ಕೀಳಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ಮಮತ ಆ ಆರು ಕಂಬಗಳ ನಡುವೆ ಹೋಗಿ ಮಣ್ಣಿನ ಮೇಲೆ ಕೂತಳು. ಕೂತವಳ ಕಣ್ಣು ಗುಲಾಬಿ ತೋಟದುದ್ದಕ್ಕೂ ಓಡಿತು. ಕೆಂಪು, ಹಸಿರು, ಅದರಾಚೆ ಬೆಟ್ಟದ ಸಾಲು. “ಅಯ್ಯೋ ನನ್ನಪ್ಪನೇ,” ಅಂದಳು. ಚೊಂಬು ಅಲ್ಲೇ ಬಿಟ್ಟು ಓಡಿಹೋಗಿ ಮೂರ್ತಿಯನ್ನು ಕೈಹಿಡಿದು ಎಳೆದುಕೊಂಡು ಬಂದಳು.

“ಇಲ್ಲಿ ಕೂತ್ಕೊಳ್ರಿ.”

“ಯಾಕೆ?”

“ಕೂತ್ಕೊಳ್ರಿ ಅಂದ್ರೆ!”

ಮೂರ್ತಿ ಕೂತ. ಸ್ವಲ್ಪ ಹೊತ್ತು ನೋಡಿದ. “ಇಷ್ಟು ದಿನ ನಾನು ಈ ಕಡೆ ಮುಖ ಮಾಡಿ ಕೂತೇ ಇರ್ಲಿಲ್ಲ ಕಣೇ,” ಅಂದ. ಆಮೇಲೆ ಅವನಿಗೆ ಭಯವಾಯಿತು. “ನೋಡು, ಐದು ಸಾವಿರದ ಮೇಲೆ ಒಂದು ಪೈಸೆ ಇಲ್ಲ.” ಹಾಸಿಗೆ ಇದ್ದಷ್ಟು ಕಾಲು ಚಾಚುವ ಮನುಷ್ಯ ಅವನು. ಮಮತ ಹಾಸಿಗೆಯನ್ನೇ ಉದ್ದ ಮಾಡಲು ನೋಡುವವಳು. ಅವಳು ಐದು ಸಾವಿರಕ್ಕೆ ಹೂಂ ಅಂದಳು, ಅಷ್ಟು ಬೇಕಾಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

ಮುನಿವೆಂಕಟಮ್ಮನಿಗೆ ವಿಷಯ ತಿಳಿದಾಗ ಮನೆ ಹಾರಿಹೋಗುವುದೊಂದು ಬಾಕಿ. “ನೆಂಟ್ರನ್ನ ಆಚೆ ಕೂರ್ಸೋದಾ? ಅವ್ರೇನು ಭಿಕ್ಷೆಗೆ ಬರ್ತಾವ್ರಾ? ಒಳಗೆ ಕರೀದೆ ಬೀದೀಲಿ ಕಾಫಿ ಕೊಟ್ರು ಅಂತ ಹೊಸಕೋಟೆ ತುಂಬಾ ಆಡ್ಕೋತಾರೆ!”

“ಒಳಗೆ ಕರೆದಿದ್ದಕ್ಕೇ ಅಲ್ವಾ ಅತ್ತೆ ಎರಡು ಸಂಬಂಧ ಹೋಗಿದ್ದು?”

ಮಾತಿನಲ್ಲಿ ಸೋತಾಗಲೆಲ್ಲ ಮಾಡುವುದನ್ನೇ ಅತ್ತೆ ಈಗಲೂ ಮಾಡಿದಳು. ಬ್ಯಾಗಿಗೆ ಎರಡು ಸೀರೆ ತುರುಕಿಕೊಂಡು ನೆಲಮಂಗಲದ ಮಗಳ ಮನೆಗೆ ಹೊರಟಳು. “ಆ ಭಾನುವಾರ ಬೆಳಿಗ್ಗೆ ಬರ್ತೀನಿ. ನಿನ್ನ ಅವತಾರ ಎಲ್ಲಾ ಅಷ್ಟೊತ್ತಿಗೆ ಎತ್ತಿರ್ಬೇಕು,” ಅಂತ ಬಸ್ಸಿನ ಕಿಟಕಿಯಿಂದಲೂ ಹೇಳಿದಳು.

ಅತ್ತೆಯ ಬಸ್ಸು ತಿರುವು ದಾಟಿದ್ದೇ ತಡ, ಮಮತ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆ ಮೂರು ವಾರ ಅವಳು ನಿದ್ದೆ ಮಾಡಿದಳೋ ಇಲ್ಲವೋ ಮೂರ್ತಿಗೂ ಗೊತ್ತಿಲ್ಲ. ಬೆಳಿಗ್ಗೆ ರೆಸಾರ್ಟಿನ ವ್ಯಾನು ಹತ್ತುವ ಮುಂಚೆ ಒಂದು ಗಂಟೆ, ಸಂಜೆ ಇಳಿದ ಮೇಲೆ ಎರಡು ಗಂಟೆ, ಭಾನುವಾರವಂತೂ ಪೂರ್ತಿ ಅಂಗಳದಲ್ಲೇ. ಕೊಟ್ಟಿಗೆ ಹಿಂದಿನ ಕಲ್ಲುಕಂಬ ನಾಲ್ಕನ್ನು ಅಣ್ಣತಮ್ಮಂದಿರು ಹೊತ್ತು ತಂದು, ಎರಡೆರಡು ಜೋಡಿಸಿ, ಕೆಳಗೆ ಕಲ್ಲಿನ ತುಂಡು ಕೊಟ್ಟು ಉದ್ದನೆಯ ಬೆಂಚು ಮಾಡಿದರು. ಅದರ ಮೇಲೆ ಐದು ಗಂಡಸರು ಆರಾಮಾಗಿ ಕೂರಬಹುದಿತ್ತು. ನೆಲಕ್ಕೆ ಟೈಲ್ಸ್ ಹಾಕಿಸೋಣವೇ ಅಂತ ಅಮರ್ ಕೇಳಿದ. “ಹೋಗೋ, ನಮ್ಮನೆ ಹಸು ಏನಕ್ಕಿರೋದು?” ಅಂದಳು ಮಮತ. ನೆಲ ಹದ ಮಾಡಿ, ದಿಮ್ಮಸು ಹೊಡೆಸಿ ಗಟ್ಟಿ ಮಾಡಿ, ಸಗಣಿ ಸಾರಿಸಿ, ಅಂಚಿಗೆ ಕೆಮ್ಮಣ್ಣಿನ ಪಟ್ಟಿ ಎಳೆದಾಗ ಆ ಜಾಗಕ್ಕೆ ತಾನಾಗಿಯೇ ಒಂದು ಗಾಂಭೀರ್ಯ ಬಂತು.

ಮೇಲಿನ ನೆರಳಿನದೇ ಚಿಂತೆಯಾಗಿತ್ತು. ತೆಂಗಿನ ಗರಿ ಹಾಕಿದರೆ ಮದುವೆ ಮೊದಲೇ ಆಗಿಹೋಯಿತು ಅನ್ನುವಂತೆ ಕಾಣುತ್ತದೆ. ಹಸಿರು ಬಲೆ ಹಾಕಿದರೆ ನರ್ಸರಿ. ಆಗ ಅವಳಿಗೆ ಪಕ್ಕದ ಬೀದಿಯ ಪಿಳ್ಳಪ್ಪನ ಹಿತ್ತಲು ನೆನಪಾಯಿತು. ಪಿಳ್ಳಪ್ಪ ರೇಷ್ಮೆ ಹುಳು ಸಾಕುವವನು. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನೆಲ್ಲ ಮೂಲೆಗೆ ಒಟ್ಟಿ, ಈಗ ಪ್ಲಾಸ್ಟಿಕ್ಕಿನವು ತಂದಿದ್ದ. ಆಳುದ್ದದ ತಟ್ಟಿ, ಅದರ ತುಂಬ ಬಿದಿರಿನ ಪಟ್ಟಿಯ ಸುರುಳಿ ಸುರುಳಿ. ಯಾರಿಗಾದರೂ ಅದು ಸೌದೆ, ಮಮತಳಿಗೆ ಅದು ಸೂರು.

“ಪಿಳ್ಳಪ್ಪಣ್ಣ, ನೀರು ಕಾಯ್ಸಕ್ಕೆ ಇಟ್ಕೊಂಡಿದ್ದೀಯಲ್ಲಾ ಆ ಚಂದ್ರಿಕೆ, ಅದರ ಬದ್ಲು ಒಂದು ಗಾಡಿ ಬೇವಿನ ಕೊಂಬೆ ಕೊಡ್ತೀನಿ. ಆಗುತ್ತಾ?”

“ತಗೊಂಡೋಗವ್ವಾ ತಾಯಿ. ನೀನು ಬೇಡ ಅಂದ್ರೂ ಬಿಡಲ್ಲ ಅಂತ ಊರಿಗೇ ಗೊತ್ತು!”

ಎಂಟು ಚಂದ್ರಿಕೆ ತೊಳೆದು ಒಣಗಿಸಿ ದ್ರಾಕ್ಷಿ ತಂತಿಯ ಮೇಲೆ ಮಲಗಿಸಿದರು. ಬೆಳಗಿನ ಬಿಸಿಲು ಹತ್ತಿದಾಗ ಸಾರಿಸಿದ ನೆಲದ ಮೇಲೆ ಸುರುಳಿ ಸುರುಳಿಯಾಗಿ ನೆರಳು ಬಿತ್ತು, ಯಾರೋ ಕೂತು ರಂಗೋಲಿ ಹಾಕಿದ ಹಾಗೆ. ಅಮರ್ ಹೂವಿನ ಬುಟ್ಟಿ ಕೆಳಗಿಟ್ಟು ಬಾಯಿ ಬಿಟ್ಟುಕೊಂಡು ನಿಂತ. ಮಮತ ಖುಷಿ ತಡೆಯಲಾಗದೆ ಅವನ ಬೆನ್ನಿಗೆ ಒಂದು ಗುದ್ದಿದಳು. ಅಷ್ಟಕ್ಕೇ ನಿಲ್ಲುತ್ತಾಳೆಯೇ? ದೊಡ್ಡಬಳ್ಳಾಪುರದಲ್ಲಿ ಅವಳ ಚಿಕ್ಕಮ್ಮನ ಮನೆಯಲ್ಲಿ ಮಗ್ಗಗಳಿವೆ. ಅಲ್ಲಿಂದ ಕತ್ತರಿಸಿ ಎಸೆದ ಸೀರೆ ತುಂಡು ಎರಡು ಮೂಟೆ ಬಂತು. ಅಂಜನ್ ಹೇಳಿದ ಹಾಗೆ ಎರಡೇ ಬಣ್ಣ ಆರಿಸಿದಳು, ಅರಿಶಿನ ಮತ್ತು ಕಡುನೀಲಿ. ಸೀರೆಯಂಚಿನ ಡಿಸೈನಿಗೆ ಅಂತ ತೂತು ತೂತು ಹೊಡೆದ, ಮಗ್ಗಕ್ಕೆ ಹಾಕುವ ಹಳೆಯ ರಟ್ಟಿನ ಅಟ್ಟೆಗಳೂ ಬಂದವು. ಅವನ್ನು ದುಂಡಗೆ ಹೊಲಿದು ಒಳಗೆ ಬಲ್ಬು ಇಟ್ಟು ಬೇವಿನ ಕೊಂಬೆಗೆ ಇಳಿಬಿಟ್ಟಳು. ಸಂಜೆ ಸ್ವಿಚ್ಚು ಹಾಕಿದರೆ ಮರದ ತುಂಬ ಬೆಳಕಿನ ಚುಕ್ಕಿ. ಹಾದಿಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಲ್ಲತೊಡಗಿದರು. ‘ಗುಜರಿ’ ಅನ್ನುವ ಮಾತು ಆ ವಾರ ಊರಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಉಳಿದದ್ದು ಹೆಂಗಸರು ಕೂರುವ ಆಸನ. ಅದಕ್ಕೆ ಮಮತ ಒಂದು ಗಳಿಗೆಯೂ ಯೋಚಿಸಲಿಲ್ಲ, ರೆಸಾರ್ಟಿನ ಮಾವಿನ ಮರದ ಸಾಲು ಕಣ್ಣಮುಂದೆಯೇ ಇತ್ತಲ್ಲ. ಮಿಕ್ಸಿ ಬಂದ ಮೇಲೆ ಒರಳುಕಲ್ಲು ಯಾರಿಗೆ ಬೇಕು? ಬೀದಿಯ ಆರು ಮನೆ ಕೇಳಿದರೆ ಆರು ಮನೆಯವರೂ ಜಾಗ ಖಾಲಿಯಾದರೆ ಸಾಕು ಅಂತ ಕೊಟ್ಟರು. ಏಳನೆಯದು ಅವರ ಕೊಟ್ಟಿಗೆಯ ಮೂಲೆಯಲ್ಲೇ ಇತ್ತು, ಮುನಿವೆಂಕಟಮ್ಮ ಸೊಸೆಯಾಗಿ ಬಂದ ಕಾಲದ್ದು. ಎಲ್ಲವನ್ನೂ ಉರುಳಿಸಿಕೊಂಡು ಬಂದು, ತಲೆಕೆಳಗು ಮಾಡಿ, ಮೇಲೆ ದಿಂಬು ಕಟ್ಟಿ, ನೆಲ ಮುಟ್ಟುವ ಹಾಗೆ ನೀಲಿ ಸೀರೆಯ ನೆರಿಗೆ ಇಳಿಬಿಟ್ಟಳು. ಒಳಗೆ ಕಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಅಮರ್ ಮಾತ್ರ ಕೊನೆಯ ಕಲ್ಲು ಮಗುಚುವಾಗ ಸೊಂಟ ಹಿಡಿದುಕೊಂಡು, “ಅತ್ತಿಗೆ, ಇದ್ರ ಮೇಲೆ ಕೂರ್ಬೌದಾ?” ಅಂದ.

“ರೆಸಾರ್ಟಲ್ಲಿ ದಿನಾ ಕೂರ್ತಾರಪ್ಪಾ,” ಅಂದಳು ಮಮತ. ಹೇಳಿದ್ದಷ್ಟೇ ಅಲ್ಲ, ಅಂಜನ್ ಕಲಿಸಿದಂತೆ ಏಳೂ ಕಲ್ಲಿನ ಮೇಲೆ ಕೂತು ನೋಡಿದಳು. ಐದನೆಯ ಕಲ್ಲಿನಿಂದ ಕಕ್ಕಸಿನ ಬಾಗಿಲು ಕಾಣುತ್ತಿತ್ತು. ಅಲ್ಲಿಗೆ ಉಳಿದ ಒಂದು ಚಂದ್ರಿಕೆ ಅಡ್ಡ ನಿಲ್ಲಿಸಿ ಮಲ್ಲಿಗೆ ಕುಂಡ ಇಟ್ಟಳು. ಈಗ ಯಾವ ಕಡೆ ಕೂತರೂ ಗುಲಾಬಿ, ಬೆಟ್ಟ, ಬೇವು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮುನಿವೆಂಕಟಮ್ಮ ಬಸ್ಸಿಳಿದು ಬಂದಳು. ಬಯ್ಯುವುದಕ್ಕೆ ನೆಲಮಂಗಲದಿಂದಲೇ ಬಾಯಿ ಸಿದ್ಧಮಾಡಿಕೊಂಡು ಬಂದಿರಬೇಕು. ಗೇಟು ತೆಗೆದವಳು ಚಪ್ಪಲಿ ಬಿಟ್ಟು, ಸಾರಿಸಿದ ನೆಲದ ಮೇಲೆ ಕಾಲಿಟ್ಟು, ಮೇಲೆ ನೋಡಿ, ಕೆಳಗೆ ನೋಡಿ, “ಇದು ನಮ್ಮನೇನಾ?” ಅಂದಳು. ಆ ಒಂದು ಮಾತಿಗೆ ಮಮತಳ ಮೂರು ವಾರದ ದಣಿವು ಇಳಿದುಹೋಯಿತು.

ಹನ್ನೊಂದು ಗಂಟೆಗೆ ಎರಡು ಕಾರು ಬಂದವು. ಐದು ಗಂಡಸರು, ಆರು ಹೆಂಗಸರು. ಮುಂದೆ ಹುಡುಗಿಯ ತಂದೆ ಆದಿನಾರಾಯಣಪ್ಪ, ಬಿಳಿ ಪಂಚೆ, ಬಿಳಿ ಶರಟು. ಅವರ ಹಿಂದೆ ಕೋಲೂರಿಕೊಂಡು ಅವರ ತಾಯಿ ಅಮ್ಮಯಮ್ಮ. ಮಾತು ಯಾರದೇ ಇರಲಿ, ತೀರ್ಮಾನ ಈ ಅಜ್ಜಿಯದು ಅಂತ ಎಲ್ಲರೂ ಆಕೆಯ ಹೆಜ್ಜೆಗೆ ತಕ್ಕಂತೆ ನಿಧಾನವಾಗಿ ನಡೆಯುತ್ತಿದ್ದುದು ನೋಡಿದರೇ ತಿಳಿಯುತ್ತಿತ್ತು. ಹುಡುಗಿಯ ಸೋದರತ್ತೆ ಒಬ್ಬಳು ಫೋನು ಎತ್ತಿ ಹಿಡಿದಿದ್ದಳು, ಸಿಂಚನ ವಿಡಿಯೋದಲ್ಲಿದ್ದಳು. ಹುಡುಗಿ ಬರಬಾರದು ಅಂತ ಶಾಸ್ತ್ರ ಹೇಳುತ್ತದೆ, ನೋಡಬಾರದು ಅಂತ ಎಲ್ಲೂ ಹೇಳಿಲ್ಲ.

ಗೇಟು ದಾಟಿ ಒಳಗೆ ಬಂದವರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಆದಿನಾರಾಯಣಪ್ಪ ತಲೆಯೆತ್ತಿ, “ಏನಪ್ಪಾ ಇದು, ಚಂದ್ರಿಕೆನಾ?” ಅಂತ ನಕ್ಕರು. ಫೋನಿನೊಳಗಿನಿಂದ, “ಅತ್ತೆ, ಅತ್ತೆ, ಮೇಲೆ ತೋರ್ಸಿ! ನೆಲ ತೋರ್ಸಿ! ಆ ದೀಪ ಏನ್ರಲ್ಲಿ ಮಾಡಿರೋದು?” ಅಂತ ಒಂದೇ ಸಮನೆ ಕೇಳಿಸುತ್ತಿತ್ತು. ಗಂಡಸರು ಕಲ್ಲುಬೆಂಚಿನ ಮೇಲೆ ಕೂತರು, ಕೂತವರೆಲ್ಲ ತೋಟದ ಕಡೆಗೇ ನೋಡುತ್ತಿದ್ದರು. ಒಂದು ಇಕ್ಕಟ್ಟಿಲ್ಲ, ಒಂದು ಒತ್ತಾಟವಿಲ್ಲ. ಗೆದ್ದೆ ಅಂದುಕೊಂಡಳು ಮಮತ. “ಬನ್ನಿ ಅಜ್ಜಿ, ಕೂತ್ಕೊಳ್ಳಿ,” ಅಂತ ಅಮ್ಮಯಮ್ಮನ ಕೈಹಿಡಿದು ಮೊದಲನೆಯ ಆಸನಕ್ಕೆ ಕರೆತಂದಳು.

ಅಜ್ಜಿ ಕೂರಲು ಬಾಗಿದಳು. ಊರಿದ ಕೋಲು ಆಸನದ ನೀಲಿ ನೆರಿಗೆಯೊಳಗೆ ನುಗ್ಗಿ ಕಲ್ಲಿಗೆ ಟಣ್ಣೆಂದು ತಾಗಿತು. ಅಜ್ಜಿ ನಿಂತಳು. ಕೋಲಿನ ತುದಿಯಿಂದ ನೆರಿಗೆಯನ್ನು ಮೆಲ್ಲಗೆ ಸರಿಸಿದಳು. ಕಣ್ಣು ಕಿರಿದು ಮಾಡಿ ನೋಡಿದಳು.

“ಇದು ಒಳ್ಕಲ್ಲು ಅಲ್ವೇನವ್ವಾ?”

ಆಗಲೇ ಎರಡನೆಯ ಕಲ್ಲಿನ ಮೇಲೆ ಕೂತಿದ್ದ ಸೋದರತ್ತೆ ಬೆಂಕಿ ತಾಗಿದವಳಂತೆ ಎದ್ದಳು. ಅಜ್ಜಿ ಬಗ್ಗಿ ಕಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಉಳಿದ ನಾಲ್ವರೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾರೂ ಕೂರಲಿಲ್ಲ. ಹೆಂಗಸರು ನಿಂತಿದ್ದಾರೆ ಅಂತ ಗಂಡಸರೂ ಒಬ್ಬೊಬ್ಬರಾಗಿ ಎದ್ದು ನಿಂತರು. “ಅತ್ತೆ, ಯಾಕೆ ಎಲ್ರೂ ನಿಂತ್ಕೊಂಡಿದ್ದೀರಾ?” ಅಂತ ಫೋನು ಕೇಳಿತು.

ಮಮತಳಿಗೆ ಆಗ ಎಲ್ಲ ನೆನಪಾಯಿತು. ಐದಾರು ವರ್ಷದವಳಿದ್ದಾಗ ತವರಿನಲ್ಲಿ ಒರಳಿನ ಮೇಲೆ ಕೂತಿದ್ದಕ್ಕೆ ಅಜ್ಜಿ ಬೆನ್ನಿಗೆ ಬಾರಿಸಿ, “ಅನ್ನ ಕೊಡೋ ಕಲ್ಲಿನ ಮೇಲೆ ಕುಂಡಿ ಊರ್ತೀಯಾ?” ಅಂದಿದ್ದಳು. ಮದುವೆ ಕೆಲಸ ಶುರುವಾಗುವುದೇ ಈ ಕಲ್ಲಿನಿಂದ. ಕಲ್ಲಿಗೆ ಪೂಜೆ ಮಾಡಿ, ಮುತ್ತೈದೆಯರು ಅದರಲ್ಲಿ ಅರಿಶಿನ ಕುಟ್ಟಿದ ಮೇಲೇ ಮುಂದಿನ ಮಾತು. ಅವಳ ಮದುವೆಗೂ ಕುಟ್ಟಿದ್ದರು. ಇದು ತಿಳಿಯದ ಹೆಂಗಸು ಈ ಸೀಮೆಯಲ್ಲಿದ್ದಾಳೆಯೇ? ಮೂರು ವರ್ಷ ದಿನಾ ನೋಡಿ ನೋಡಿ ಅವಳ ಕಣ್ಣು ಬೇರೆಯವರ ಕಣ್ಣಾಗಿಬಿಟ್ಟಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಇಲ್ಲಿ ಹೋಗುತ್ತಿದ್ದದ್ದು ಬರೀ ಮಾನವಲ್ಲ, ಅಮರನ ಮದುವೆ. ಅವನು ಕಾಫಿ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಿದ್ದ.

ಮುನಿವೆಂಕಟಮ್ಮ ಗಡಿಬಿಡಿಯಿಂದ ಮುಂದೆ ಬಂದಳು. “ಒಳಗೆ ಬನ್ನಿ, ಒಳಗೆ ಕೂರೋಣ, ಬನ್ನಿ...”

“ಬೇಡಿ ಅತ್ತೆ,” ಅಂದಳು ಮಮತ. “ಒಳಗೆ ಜಾಗ ಇಲ್ಲ. ಅಜ್ಜಿ, ತಪ್ಪಾಯ್ತು, ನಂದೇ ತಪ್ಪು. ನಮ್ಮನೆ ಚಿಕ್ಕದು. ನಿಮ್ಮಲ್ಲಿ ಅರ್ಧ ಜನಕ್ಕೂ ಕೂರಕ್ಕೆ ಜಾಗ ಆಗಲ್ಲ. ಮನೆ ನೋಡಿ ಎರಡು ಸಂಬಂಧ ವಾಪಸ್ ಹೋಯ್ತು. ಹುಡ್ಗ ಬಂಗಾರದಂಥೋನು, ಅವ್ನನ್ನ ನೋಡ್ಲೇ ಇಲ್ಲ ಅವ್ರು. ಅದಕ್ಕೇ ಇಲ್ಲಿ ಕೂರ್ಸೋಣ ಅಂತ ಮಾಡ್ದೆ. ಕೆಲ್ಸ ಮಾಡೋ ಕಡೆ ಹಿಂಗೇ ಇಟ್ಟಿದ್ರು, ಬುದ್ಧಿ ಓಡ್ಲಿಲ್ಲ ನಂಗೆ.” ಅಷ್ಟು ಹೇಳಿದವಳು ಅಲ್ಲೇ ಮೊಣಕಾಲೂರಿ, ದಿಂಬು ಕಿತ್ತು, ಮೊದಲನೆಯ ಕಲ್ಲನ್ನು ಎರಡೂ ಕೈಯಲ್ಲಿ ತಬ್ಬಿ ಮಗುಚಲು ಹೋದಳು. ಕಲ್ಲು ಒಂದಿಷ್ಟೇ ಅಲುಗಾಡಿತು.

ಅಮ್ಮಯಮ್ಮ ಅವಳನ್ನೇ ನೋಡುತ್ತಿದ್ದಳು. ಮನೆ ಚಿಕ್ಕದು ಅಂತ ಗಂಡಿನ ಕಡೆಯವರೇ ಬಾಯಿಬಿಟ್ಟು ಹೇಳಿದ್ದನ್ನು ಆಕೆ ಎಪ್ಪತ್ತು ವರ್ಷದಲ್ಲಿ ಕೇಳಿರಲಿಲ್ಲವೋ ಏನೋ. “ಒಬ್ಳೇ ಎತ್ಬೇಡ ಕಣವ್ವಾ, ಸೊಂಟ ಹಿಡ್ಕೊಳ್ಳುತ್ತೆ,” ಅಂದಳು. ಆಮೇಲೆ ಮಗನ ಕಡೆ ತಿರುಗಿ ಕೋಲು ಬೀಸಿದಳು. “ಏನೋ ನೋಡ್ತಾ ನಿಂತಿದ್ದೀಯಾ? ಪಂಚೆ ಎತ್ತಿ ಕಟ್ಟು! ಲಕ್ಷ್ಮೀನ ತಲೆಕೆಳಗೆ ನಿಲ್ಸವ್ರೆ, ತಿರುಗ್ಸ್ರೋ!”

ಆಮೇಲೆ ನಡೆದದ್ದು ದೊಡ್ಡಬೆಳವಂಗಲದವರು ಇವತ್ತಿಗೂ ಹೇಳಿಕೊಂಡು ನಗುವ ಸಂಗತಿ. ಗಂಡಿನ ಮನೆ ನೋಡಲು ಬಂದ ಐವರು ಗಂಡಸರು, ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಎತ್ತಿ ಕಟ್ಟಿಕೊಂಡು, ಮೂರ್ತಿ ಮತ್ತು ಅಮರನ ಜೊತೆ ಸೇರಿ ಏಳು ಒರಳುಕಲ್ಲು ಮಗುಚಿದರು. “ಹಿಡ್ಕೊಳ್ಳಿ ಮಾವ!” ಅಂತ ಅಮರ್ ಬಾಯಿತಪ್ಪಿ ಅಂದುಬಿಟ್ಟ. “ನೀನು ಕಾಲು ನೋಡ್ಕೊಳ್ಳಪ್ಪಾ ಮೊದ್ಲು,” ಅಂದರು ಆದಿನಾರಾಯಣಪ್ಪ. ಮಮತ ದಿಂಬುಗಳನ್ನು ಸಾರಿಸಿದ ನೆಲದ ಮೇಲೆ ದುಂಡಗೆ ಹಾಸಿದಳು. ಹೆಂಗಸರು ಕಾಲು ಮಡಿಸಿ ನೆಲದ ಮೇಲೆ ಕೂತರು. ಹಾಗೆ ಕೂತ ಮೇಲೆಯೇ ಅವರಿಗೆ ಸುಖವಾಗಿದ್ದು, ಸುರುಳಿ ನೆರಳು ಅವರ ಮಡಿಲಿಗೇ ಬಂದು ಬಿದ್ದಿತ್ತು.

ನೆಟ್ಟಗೆ ನಿಂತ ಕಲ್ಲುಗಳ ಹೊಟ್ಟೆ ನೋಡಿ ಮಮತಳಿಗೆ ಹೊಸ ಹುಚ್ಚು ಹತ್ತಿತು. ಅತ್ತೂ ಆಗಿರಲಿಲ್ಲ, ಕಣ್ಣೊರೆಸಿಕೊಂಡೂ ಆಗಿರಲಿಲ್ಲ, “ಅಮರಾ, ಒಂದು ಬಕೆಟ್ ಹೂವು ತಾರೋ!” ಅಂತ ಕೂಗಿದಳು. ಒಂದೊಂದು ಕಲ್ಲಿಗೂ ನೀರು ಹುಯ್ದು, ಗುಲಾಬಿ ತೇಲಿಬಿಡುತ್ತಾ ಹೋದಳು. ಕಪ್ಪು ಕಲ್ಲು, ನೀರು, ಕೆಂಪು ಹೂವು. ಮೂರು ವಾರದಲ್ಲಿ ಹೊಳೆಯದ್ದು ಮೂರು ನಿಮಿಷದಲ್ಲಿ ಹೊಳೆದಿತ್ತು, ಇದೇ ಮೊದಲೇ ಹೊಳೆಯಬಾರದಿತ್ತೇ ಅಂತ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. “ಅಯ್ಯೋ, ಎಷ್ಟು ಚೆನ್ನಾಗಿದೆ! ಯಾರೂ ಅಲ್ಲಾಡ್ಬೇಡಿ, ಫೋಟೊ ತೆಗೀತೀನಿ!” ಅಂತ ಹೊಸಕೋಟೆಯಿಂದ ಫೋನು ಕಿರುಚಿತು.

ಆರು ಕಲ್ಲು ತುಂಬಿದ್ದವು. ಏಳನೆಯದಕ್ಕೆ ನೀರು ಹುಯ್ಯಲು ಹೋದಾಗ ಅಮ್ಮಯಮ್ಮ ಅದರ ಬಾಯಿಗೆ ಕೈ ಅಡ್ಡ ಇಟ್ಟಳು. ಕಲ್ಲಿನ ಒಳಗೆ ಬೆರಳಾಡಿಸಿದಳು. ಸವೆದು ಸವೆದು ಒಳಗೆಲ್ಲ ಬೆಣ್ಣೆಯ ಹಾಗೆ ನುಣುಪಾಗಿತ್ತು.

“ಇದಕ್ಕೆ ನೀರು ಬೇಡ. ಇದು ಯಾರ್ದು?”

“ನಂದೇ,” ಅಂದಳು ಮುನಿವೆಂಕಟಮ್ಮ. “ನಲವತ್ತು ವರ್ಷ ಇದ್ರಲ್ಲೇ ಖಾರ ರುಬ್ಬಿದ್ದೀನಿ.”

“ನಮ್ದನ್ನ ಹೊಸ ಮನೆ ಕಟ್ಟುವಾಗ ಈ ನನ್ಮಗ ಪಾಯಕ್ಕೆ ಹಾಕ್ಬಿಟ್ಟ,” ಅಂತ ಅಜ್ಜಿ ಆದಿನಾರಾಯಣಪ್ಪನ ಕಡೆ ಕೋಲು ತೋರಿಸಿದಳು. “ಮೂರಂತಸ್ತಿನ ಮನೆ ಅಂತೆ, ಅದ್ರಲ್ಲಿ ಒಂದು ಒಳ್ಕಲ್ಲಿಲ್ಲ! ಇದನ್ನ ಒಂದು ನಾಕು ದಿನದ ಮಟ್ಟಿಗೆ ಕೊಡ್ತೀಯೇನವ್ವಾ? ಅರಿಶಿನ ಕುಟ್ಬೇಕು.”

ಮಮತ ಬಕೆಟ್ಟಿನಲ್ಲಿ ಉಳಿದ ಹೂವು ಆರಿಸುತ್ತಿದ್ದಳು. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. “ಅದಕ್ಕೇನಂತೆ ಅಜ್ಜಿ, ಕಾರಲ್ಲೇ ತಗೊಂಡೋಗಿ. ಯಾರ ಮನೇಲಿ ಮದ್ವೆ?”

ಆದಿನಾರಾಯಣಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೋದರತ್ತೆ ನಕ್ಕಳು, ಫೋನಿನಲ್ಲಿದ್ದವಳು ನಾಚಿ ಎಲ್ಲೋ ಮರೆಯಾದಳು. ಅಮರ್ ಹೋಗಿ ಬೇವಿನ ಮರ ಹಿಡಿದುಕೊಂಡು ನಿಂತ. ಅಮ್ಮಯಮ್ಮ ಮಾತ್ರ ನಗದೆ, “ನಮ್ಮನೇದೂ ಹೌದು, ನಿಮ್ಮನೇದೂ ಹೌದು ಕಣೇ ಪೆದ್ದಿ,” ಅಂದಳು.

ಆ ಮಾತು ಮಮತಳ ತಲೆಗಿಳಿಯಿತು. ಕೈಯಲ್ಲಿದ್ದ ಹೂವು ಚೆಲ್ಲಿತು, ಕಣ್ಣು ಮಂಜಾಯಿತು. ಹಿಂದೆ ಏನಿದೆ ಅಂತ ನೋಡದೆ, ಸಿಕ್ಕಿದ್ದರ ಮೇಲೆ ಕುಸಿದು ಕೂರಲು ಹೋದಳು.

“ಅಲ್ಲಲ್ಲಾ!” ಅಂತ ಎರಡೂ ಮನೆಯ ಹೆಂಗಸರು ಒಂದೇ ದನಿಯಲ್ಲಿ ಕೂಗಿ, ಅವಳ ಎರಡೂ ರಟ್ಟೆ ಹಿಡಿದು ಒರಳಿನ ಮೇಲಿಂದ ಎಳೆದು, ತಮ್ಮ ನಡುವೆ ನೆಲದ ಮೇಲೆ ಕೂರಿಸಿಕೊಂಡರು.